ಮೀಡಿಯಂ ಫಾರ್ಮ್ಯಾಟ್‌ಗೆ ಟಿಲ್ಟ್-ಶಿಫ್ಟ್ ಅಡಾಪ್ಟರ್: ಹಾಕಿ ನೋಡಿದವರು ಹೇಳಿ, ನಿಜಕ್ಕೂ ಕೆಲಸಕ್ಕೆ ಬರುತ್ತಾ?

ನೆರಳುಬೆಳಕು
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಫ್ಯೂಜಿ ಜಿಎಫ್‌ಎಕ್ಸ್ 50ಎಸ್ 2. ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ, ಅಂದರೆ 35 ಎಂಎಂ ಫಿಲ್ಮಿಗಿಂತ ದೊಡ್ಡ ಸೆನ್ಸರ್‌ನದು. ಅರ್ಧ ಕೆಲಸ ಮೇಜಿನ ಮೇಲಿನ ವಸ್ತುಗಳದ್ದು. ಕೈಗಡಿಯಾರ, ಪೆನ್ನು, ಒಡವೆ, ಈ ಥರದ್ದು. ಇನ್ನರ್ಧ ಕಟ್ಟಡ ಮತ್ತು ಒಳಾಂಗಣ. ಎಫ್/16ಕ್ಕೆ ಇಳಿಸಿದರೂ ಗಡಿಯಾರದ ಪಟ್ಟಿ ಮುಂದಿನಿಂದ ಹಿಂದಿನವರೆಗೆ ಶಾರ್ಪ್ ಸಿಗುತ್ತಿಲ್ಲ. ಟಿಲ್ಟ್ ಬೇಕೇ ಬೇಕು ಅನ್ನಿಸಿದೆ, ಅಂದರೆ ಲೆನ್ಸನ್ನು ಬಾಗಿಸಿ ಶಾರ್ಪ್ ಬರುವ ತಲವನ್ನು ಓರೆ ಮಾಡುವುದು. ಕಟ್ಟಡದ ಗೆರೆ ನೆಟ್ಟಗೆ ಬರಲು ಶಿಫ್ಟ್, ಅಂದರೆ ಲೆನ್ಸನ್ನು ಬಾಗಿಸದೆ ಮೇಲಕ್ಕೋ ಪಕ್ಕಕ್ಕೋ ಸರಿಸುವುದು.

ಎರಡು ದಾರಿ ಕಾಣುತ್ತಿವೆ. ಹಳೇ ಮೀಡಿಯಂ ಫಾರ್ಮ್ಯಾಟ್ ಲೆನ್ಸ್ ತಗೊಂಡು ನಡುವೆ ಟಿಲ್ಟ್-ಶಿಫ್ಟ್ ಅಡಾಪ್ಟರ್ ಹಾಕುವುದು ಒಂದು. 35 ಎಂಎಂ ಕ್ಯಾಮೆರಾಗೆ ಅಂತ ಬಂದ ಟಿಲ್ಟ್-ಶಿಫ್ಟ್ ಲೆನ್ಸನ್ನೇ ಸಾದಾ ಅಡಾಪ್ಟರ್‌ನಲ್ಲಿ ಕೂರಿಸುವುದು ಇನ್ನೊಂದು. ಯಾವುದು ವಾಸಿ? ಮತ್ತೆ, ಜಿಎಫ್‌ಎಕ್ಸ್‌ಗೆ ಅಂತಲೇ ಫ್ಯೂಜಿ ಮಾಡಿದ ನನ್ನ ಜಿಎಫ್ ಲೆನ್ಸುಗಳಿಗೇ ಹಾಕುವಂಥ ಟಿಲ್ಟ್ ಅಡಾಪ್ಟರ್ ಯಾಕೆ ಎಲ್ಲೂ ಕಾಣಲ್ಲ?

ಮಿಲಿಮೀಟರ್ ಮಾಸ್ತರ್
ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ. ಅದು ಅರ್ಥವಾದರೆ ಉಳಿದಿದ್ದು ಸಲೀಸು.

ಪ್ರತಿ ಮೌಂಟಿಗೂ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ) ಸೆನ್ಸರ್‌ನಿಂದ ಮೌಂಟಿನವರೆಗೆ ಇಷ್ಟೇ ದೂರ ಅಂತ ಒಂದು ಅಳತೆ ಇರುತ್ತದೆ. ಜಿಎಫ್‌ಎಕ್ಸ್‌ನಲ್ಲಿ ಅದು 26.7 ಎಂಎಂ. ಪೆಂಟಾಕ್ಸ್ 67ರಲ್ಲಿ ಸುಮಾರು 85, ಹ್ಯಾಸೆಲ್‌ಬ್ಲಾಡ್ ವಿ ಸರಣಿಯಲ್ಲಿ 74.9, ಪೆಂಟಾಕ್ಸ್ 645ರಲ್ಲಿ 70.87, ಮಾಮಿಯಾ 645ರಲ್ಲಿ 63.3. ಲೆನ್ಸಿನ ಅಳತೆಯಿಂದ ಕ್ಯಾಮೆರಾದ ಅಳತೆ ಕಳೆದರೆ ಉಳಿಯುವುದೇ ಅಡಾಪ್ಟರ್‌ಗೆ ಸಿಗುವ ಜಾಗ. ಪೆಂಟಾಕ್ಸ್ 67 ಲೆನ್ಸಿಗೆ 58 ಎಂಎಂ, ಮಾಮಿಯಾ 645ಕ್ಕೆ ಸುಮಾರು 37. ಆ ಜಾಗದಲ್ಲಿ ಸರಿಯುವ ತಟ್ಟೆ, ಬಾಗುವ ಕೀಲು, ಬಿಗಿಯುವ ತಿರುಪು ಎಲ್ಲಾ ಹಿಡಿಯುತ್ತವೆ.

ಜಿಎಫ್ ಲೆನ್ಸಿಗೆ ಜಿಎಫ್‌ಎಕ್ಸ್ ಬಾಡಿ ಅಂದರೆ ಉಳಿಯುವ ಜಾಗ ಸೊನ್ನೆ. ನಡುವೆ ಏನಾದರೂ ತುರುಕಿದರೆ ಅದು ಎಕ್ಸ್‌ಟೆನ್ಷನ್ ಟ್ಯೂಬ್ ಆಗುತ್ತದೆ, ದೂರದ್ದು ಫೋಕಸ್ ಆಗಲ್ಲ.

ಹಳೇಲೆನ್ಸ್ ಹುಚ್ಚ
ಹ್ಯಾಸೆಲ್‌ಬ್ಲಾಡ್‌ನವರು ಮಾಡಿದ್ರಲ್ಲ ಮಾಸ್ತರೇ, ಎಚ್‌ಟಿಎಸ್ 1.5 ಅಂತ? ಎಚ್ ಬಾಡಿಗೆ ಎಚ್ ಲೆನ್ಸೇ ಹಾಕಿ ಟಿಲ್ಟ್ ಮಾಡಬಹುದಿತ್ತು.

ಮಿಲಿಮೀಟರ್ ಮಾಸ್ತರ್
ಮಾಡಿದ್ದರು, 2008ರಲ್ಲಿ. ಅದರೊಳಗೆ ಗಾಜು ಇದೆ, ಅದೇ ಗುಟ್ಟು. ಒಂಥರಾ ಟೆಲಿಕನ್ವರ್ಟರ್ ಇದ್ದ ಹಾಗೆ. ಚಿತ್ರವನ್ನು 1.5 ಪಟ್ಟು ಹಿಗ್ಗಿಸಿ ದೂರದ ಫೋಕಸ್ ವಾಪಸ್ ತರುತ್ತದೆ, ಜೊತೆಗೆ ಇಮೇಜ್ ಸರ್ಕಲ್ಲೂ (ಲೆನ್ಸ್ ಸೆನ್ಸರ್ ಕಡೆ ಮೂಡಿಸುವ ಚಿತ್ರದ ವೃತ್ತ) ದೊಡ್ಡದಾಗುತ್ತದೆ. 10 ಡಿಗ್ರಿ ಟಿಲ್ಟ್, 18 ಎಂಎಂ ಶಿಫ್ಟ್ ಸಿಗುತ್ತಿತ್ತು. ಬದಲಿಗೆ ಒಂದೂಕಾಲು ಸ್ಟಾಪ್‌ಗೂ ಜಾಸ್ತಿ ಬೆಳಕು ಹೋಗುತ್ತಿತ್ತು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ). 28 ಎಂಎಂ ಲೆನ್ಸ್ ಸುಮಾರು 42 ಆಗುತ್ತಿತ್ತು. ವೈಡ್‌ಗೆ ಅಂತ ಕೊಂಡವರಿಗೆ ಅದೇ ಬೇಜಾರು.

ಬೆಲ್ಲೋಸ್ ಭಕ್ತ
ಇಷ್ಟೆಲ್ಲಾ ಒದ್ದಾಟ ಯಾಕೆ? ಕ್ಯಾಂಬೋ ಆಕ್ಟಸ್ ತಗೊಳ್ಳಿ, ಬೆಲ್ಲೋಸ್ ಇದ್ದು ಲೆನ್ಸ್ ಬಾಗಿಸಿ ಸರಿಸಬಹುದಾದ ಪುಟ್ಟ ವ್ಯೂ ಕ್ಯಾಮೆರಾ ಅದು. ಹಿಂದೆ ಜಿಎಫ್‌ಎಕ್ಸ್ ಕೂರಿಸಿ. ಮುಗೀತು.

ನೆರಳುಬೆಳಕು
ಅದು ಚೆನ್ನಾಗಿದೆ ಸರ್, ಆದರೆ ಕಟ್ಟಡದ ಕೆಲಸಕ್ಕೆ ಮೆಟ್ಟಿಲು ಹತ್ತಿ ಇಳಿದು ಓಡಾಡಬೇಕು. ಬ್ಯಾಗಿನಲ್ಲಿ ಹಿಡಿಯುವಂಥದ್ದು ಬೇಕು.

ಟ್ರೈಪಾಡ್ ಪುಟ್ಟ
ನೀವು ಎರಡು ಕೆಲಸ ಹೇಳಿದ್ದೀರಿ. ಎರಡಕ್ಕೂ ಒಂದೇ ಸಾಮಾನು ಹುಡುಕಬೇಡಿ.

ಮೇಜಿನ ಕೆಲಸಕ್ಕೆ ಹಳೇ ಲೆನ್ಸ್ ಜೊತೆ ಟಿಲ್ಟ್ ಅಡಾಪ್ಟರ್ ಕಣ್ಣು ಮುಚ್ಚಿ ತಗೊಳ್ಳಿ. 80, 120 ಎಂಎಂನಲ್ಲಿ ಒಳ್ಳೊಳ್ಳೆ ಲೆನ್ಸ್ ಬೇಕಾದಷ್ಟಿವೆ. ಮ್ಯಾಕ್ರೋ ಲೆನ್ಸುಗಳೂ ಇವೆ. ಕಟ್ಟಡಕ್ಕೆ ಈ ದಾರಿ ಸೊರಗುತ್ತದೆ, ಯಾಕಂದ್ರೆ ವೈಡ್ ಇಲ್ಲ. ಪೆಂಟಾಕ್ಸ್ 645ರಲ್ಲೂ ಮಾಮಿಯಾ 645ರಲ್ಲೂ 35 ಎಂಎಂ ಇದೆ. ಜಿಎಫ್‌ಎಕ್ಸ್ ಸೆನ್ಸರ್ ಮೇಲೆ ಅದು ಫುಲ್ ಫ್ರೇಮಿನ (35 ಎಂಎಂ ಫಿಲ್ಮಿನಷ್ಟೇ ಸೆನ್ಸರ್) 28ರಷ್ಟು ಅಗಲ ಕಾಣುತ್ತದೆ, ಅಷ್ಟೇ. ಪೆಂಟಾಕ್ಸ್ 67ರ 45 ಹಾಕಿದರೆ 35ರಷ್ಟು. ಚಿಕ್ಕ ಕೋಣೆಯಲ್ಲಿ ಬೆನ್ನು ಗೋಡೆಗೆ ಒತ್ತಿಕೊಂಡು ನಿಂತರೂ ಸಾಲಲ್ಲ.

ಕಟ್ಟಡಕ್ಕೆ ಕ್ಯಾನನ್ ಟಿಎಸ್-ಇ 17 ಅಥವಾ 24ರ ಎರಡನೇ ಆವೃತ್ತಿ ನೋಡಿ. ಎರಡೂ 2009ರವು, ಇವತ್ತಿಗೂ ಗಟ್ಟಿ.

ಸುಮ್ನೆ ಬಂದೋನು
35 ಎಂಎಂ ಕ್ಯಾಮೆರಾದ ಲೆನ್ಸ್ ಮೀಡಿಯಂ ಫಾರ್ಮ್ಯಾಟ್ ಸೆನ್ಸರ್ ತುಂಬುತ್ತಾ? ಮೂಲೆ ಕಪ್ಪಾಗಲ್ವಾ?

ಟ್ರೈಪಾಡ್ ಪುಟ್ಟ
ಶಿಫ್ಟ್ ಲೆನ್ಸ್ ಆದ್ದರಿಂದಲೇ ತುಂಬುತ್ತದೆ. ಆ ಎರಡಕ್ಕೂ ಇಮೇಜ್ ಸರ್ಕಲ್ 67.2 ಎಂಎಂ. ಜಿಎಫ್‌ಎಕ್ಸ್ ಸೆನ್ಸರ್ 43.8 × 32.9, ಕರ್ಣ ಸುಮಾರು 55. ಇನ್ನೂ ಜಾಗ ಉಳಿಯುತ್ತದೆ.

ಮಿಲಿಮೀಟರ್ ಮಾಸ್ತರ್
ಎಷ್ಟು ಉಳಿಯುತ್ತದೆ ಅಂತಾನೂ ಹೇಳಿಬಿಡಿ, ಆಮೇಲೆ ಬಂದು ಬೈತಾರೆ. ಅಡ್ಡ ಫ್ರೇಮಿನಲ್ಲಿ ಮೇಲಕ್ಕೆ ಶಿಫ್ಟ್ ಮಾಡಿದರೆ ಲೆಕ್ಕದ ಪ್ರಕಾರ 9 ಎಂಎಂ. ಉದ್ದದ ಕಡೆಗೆ ಸರಿಸಿದರೆ 7 ಚಿಲ್ಲರೆ. ಲೆನ್ಸ್ ಮೇಲೆ 12ರವರೆಗೆ ಗುರುತಿದೆ ಅಂತ ಪೂರ್ತಿ ತಿರುಗಿಸಿದರೆ ಮೂಲೆ ಹೋಗುತ್ತದೆ.

ಇದೇ ಲೆಕ್ಕ ಹಳೇ ಲೆನ್ಸುಗಳಿಗೂ ಹಾಕಿ. 645 ಲೆನ್ಸಿನ ಇಮೇಜ್ ಸರ್ಕಲ್ ಕನಿಷ್ಠ 70 ಎಂಎಂ, ಅಂದರೆ ಮೇಲಕ್ಕೆ ಸುಮಾರು 11. 6×7 ಲೆನ್ಸಿನದು (ಪೆಂಟಾಕ್ಸ್ 67ರಂಥದ್ದು) ಕನಿಷ್ಠ 89, ಅಲ್ಲಿ ಕಾಗದದ ಮೇಲೆ 22 ಎಂಎಂವರೆಗೂ ಸಿಗುತ್ತದೆ. ಅಡಾಪ್ಟರ್ ಅಷ್ಟು ಸರಿಯುವುದೇ ಇಲ್ಲ, ಆ ಮಾತು ಬೇರೆ.

ಕ್ಲಿಕ್ ಕಾವೇರಿ
"ಕಾಗದದ ಮೇಲೆ" ಅಂದಿದ್ದು ಸರಿ. ನಾನು 6×7ರ ಟೆಲಿ ಲೆನ್ಸೊಂದನ್ನು ಅಡಾಪ್ಟರ್‌ನಲ್ಲಿ ಪೂರ್ತಿ ಶಿಫ್ಟ್ ಮಾಡಿದಾಗ ಫ್ರೇಮಿನ ಒಂದು ಅಂಚು ಮಬ್ಬಾಗಿ ಕಪ್ಪಾಗುತ್ತದೆ. ಲೆನ್ಸಿನ ತಪ್ಪಲ್ಲ. ಬೆಳಕು ಓರೆಯಾಗಿ ಬರುವಾಗ ಕ್ಯಾಮೆರಾದ ಮೌಂಟಿನ ಬಾಯಿಯೇ ಅಡ್ಡ ಬರುತ್ತದೆ. ಇಮೇಜ್ ಸರ್ಕಲ್ ಎಷ್ಟು ದೊಡ್ಡದಿದ್ದರೂ ಆ ತೂತಿನಿಂದಲೇ ತಾನೇ ಒಳಗೆ ಬರಬೇಕು?

ಕಪ್ಪುಬಿಳುಪು
ಒಂದು ಕೇಳ್ತೀನಿ, ಬೇಜಾರಾಗಬೇಡಿ. ಈ ಕಾಲದಲ್ಲಿ ಶಿಫ್ಟ್ ಯಾಕೆ ಬೇಕು? ಕ್ಯಾಮೆರಾ ಮೇಲಕ್ಕೆತ್ತಿ ಹೊಡೆದು, ಸಾಫ್ಟ್‌ವೇರಿನಲ್ಲಿ ಗೆರೆ ನೆಟ್ಟಗೆ ಮಾಡಿ. 50, 100 ಮೆಗಾಪಿಕ್ಸೆಲ್ ಇಟ್ಟುಕೊಂಡು ಇಷ್ಟು ಜುಗ್ಗತನ ಯಾಕೆ?

ಬೆಲ್ಲೋಸ್ ಭಕ್ತ
ನೆಟ್ಟಗೆ ಮಾಡುವಾಗ ಮೇಲ್ಭಾಗ ಹಿಗ್ಗುತ್ತದೆ, ಪಕ್ಕಗಳು ಕತ್ತರಿಸಿ ಹೋಗುತ್ತವೆ. ಕಟ್ಟಡದ ತುದಿಯ ಕೆತ್ತನೆ ಇರುವ ಜಾಗದಲ್ಲೇ ಪಿಕ್ಸೆಲ್ ಕಮ್ಮಿ. ಅದಕ್ಕಿಂತ ಮುಖ್ಯ, ಹೊಡೆಯುವಾಗ ಫ್ರೇಮ್ ಏನಾಗುತ್ತೆ ಅಂತ ಊಹೆ ಮಾಡಬೇಕು. ಶಿಫ್ಟಿನಲ್ಲಿ ಕಣ್ಣೆದುರೇ ಕಾಣುತ್ತದೆ.

ಕಪ್ಪುಬಿಳುಪು
ಊಹೆ ಅಭ್ಯಾಸವಾಗುತ್ತದೆ ಸ್ವಾಮಿ. ನೀವು ತಿರುಪು ಸಡಿಲಿಸಿ ಬಿಗಿಯುವಷ್ಟರಲ್ಲಿ ನಾನು ಮನೆಗೆ ಹೋಗಿರ್ತೀನಿ.

ಬೆಲ್ಲೋಸ್ ಭಕ್ತ
ಹೋಗಿ, ಹೋಗಿ ಕಂಪ್ಯೂಟರ್ ಮುಂದೆ ಕೂರಿ 😄

ಕ್ಲಿಕ್ ಕಾವೇರಿ
ಶಿಫ್ಟ್ ಬಗ್ಗೆ ಅರ್ಧ ಒಪ್ಪುತ್ತೇನೆ. ಸ್ವಲ್ಪ ಓರೆಯಾದರೆ ಸಾಫ್ಟ್‌ವೇರ್ ಸಾಕು, ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ. ಆದರೆ ಟಿಲ್ಟ್‌ಗೆ ಆ ಮಾತು ನಡೆಯಲ್ಲ. ಫೋಕಸ್ ತಲವನ್ನು ಆಮೇಲೆ ಓರೆ ಮಾಡುವ ಸಾಫ್ಟ್‌ವೇರ್ ಇಲ್ಲ. ಫೋಕಸ್ ಬದಲಿಸುತ್ತಾ ಹಲವು ಫ್ರೇಮ್ ಹೊಡೆದು ಒಂದಾಗಿಸುವ ಫೋಕಸ್ ಸ್ಟ್ಯಾಕಿಂಗ್ ಇದೆ, ಗಡಿಯಾರಕ್ಕೆ ನಡೆಯುತ್ತದೆ. ಗಾಳಿಗೆ ಅಲ್ಲಾಡುವ ಹುಲ್ಲು, ಹರಿಯುವ ನೀರಿಗೆ ನಡೆಯಲ್ಲ. ಒಂದೇ ಕ್ಲಿಕ್ಕಿನಲ್ಲಿ ಆಗಬೇಕು ಅಂದರೆ ಟಿಲ್ಟ್ ಒಂದೇ ಗತಿ.

ನೆರಳುಬೆಳಕು
ಟಿಲ್ಟ್ ಎಷ್ಟು ಡಿಗ್ರಿ ಕೊಡಬೇಕು ಅಂತ ಹೇಗೆ ಗೊತ್ತಾಗುತ್ತೆ? ಸ್ನೇಹಿತರೊಬ್ಬರ ಅಡಾಪ್ಟರ್ ಹಾಕಿ ನೋಡಿದೆ. ತಿರುಗಿಸುತ್ತಾ ಹೋದಂತೆ ಮುಂದೆ ಶಾರ್ಪ್ ಆದರೆ ಹಿಂದೆ ಹೋಗುತ್ತದೆ, ಹಿಂದೆ ಬಂದರೆ ಮುಂದೆ ಹೋಗುತ್ತದೆ. ತಲೆ ಕೆಟ್ಟು ಹೋಯಿತು.

ಮಿಲಿಮೀಟರ್ ಮಾಸ್ತರ್
ಎಲ್ಲರೂ ಮಾಡುವುದು ಅದೇ, ಜಾಸ್ತಿ ಟಿಲ್ಟ್ ಕೊಡುವುದು. ಬೇಕಾಗುವುದು ಬಹಳ ಕಮ್ಮಿ.

ಕ್ಯಾಮೆರಾ ನೆಟ್ಟಗಿದೆ, ಎದುರಿಗೆ ನೆಲ ಅಥವಾ ಉದ್ದನೆಯ ಮೇಜು ಚಾಚಿದೆ ಅಂದುಕೊಳ್ಳಿ. ಲೆನ್ಸಿನಿಂದ ಕೆಳಕ್ಕೆ, ಸೆನ್ಸರ್‌ಗೆ ಸಮಾನಾಂತರವಾಗಿ, ಆ ತಲದವರೆಗಿನ ದೂರ ಅಳೆಯಿರಿ. ಫೋಕಲ್ ಲೆಂತನ್ನು 57ರಿಂದ ಗುಣಿಸಿ, ಆ ದೂರದಿಂದ ಭಾಗಿಸಿ. ಎರಡೂ ಮಿಲಿಮೀಟರಿನಲ್ಲೇ ಇರಲಿ. ಬರುವುದು ಡಿಗ್ರಿ. 80 ಎಂಎಂ ಲೆನ್ಸ್, ನೆಲದಿಂದ ಒಂದೂವರೆ ಮೀಟರ್ ಎತ್ತರ ಅಂದರೆ ಹತ್ತಿರ ಹತ್ತಿರ 3 ಡಿಗ್ರಿ. 55 ಎಂಎಂ ಆದರೆ 2 ಡಿಗ್ರಿ. ಅಷ್ಟೇ! ಅಡಾಪ್ಟರ್ ಮೇಲೆ 8, 10 ಅಂತ ಬರೆದಿದ್ದಾರೆ ಅಂತ ಅಲ್ಲಿಗೇ ಓಡಬೇಡಿ. ಮೇಜಿನ ಕೆಲಸದಲ್ಲಿ ಲೆನ್ಸ್ ವಸ್ತುವಿಗೆ ಹತ್ತಿರ ಇರುತ್ತದೆ, ಅಲ್ಲಿ ಮಾತ್ರ ದೊಡ್ಡ ಕೋನ ಬೇಕಾಗುತ್ತದೆ.

ಕೋನ ಕೊಟ್ಟ ಮೇಲೆ ಅದನ್ನು ಮುಟ್ಟಬೇಡಿ. ಈಗ ಫೋಕಸ್ ರಿಂಗ್ ಮಾತ್ರ. ಟಿಲ್ಟ್ ಇದ್ದಾಗ ರಿಂಗ್ ತಿರುಗಿಸಿದರೆ ಫೋಕಸ್ ಹಿಂದೆ ಮುಂದೆ ಹೋಗುವುದಿಲ್ಲ. ಲೆನ್ಸಿನ ಕೆಳಗೆ ಒಂದು ಗೆರೆ ಇದೆ ಅಂದುಕೊಳ್ಳಿ, ಕೀಲಿನ ಮೇಲೆ ಬಾಗಿಲು ತಿರುಗಿದ ಹಾಗೆ ಇಡೀ ಫೋಕಸ್ ತಲ ಆ ಗೆರೆ ಹಿಡಿದು ತಿರುಗುತ್ತದೆ. ಅದು ಮೇಜಿನ ಮೇಲೆ ಮಲಗುವವರೆಗೆ ತಿರುಗಿಸಿ, ನಿಲ್ಲಿಸಿ. ಜೂಮ್ ಮಾಡಿ ಹತ್ತಿರದ ತುದಿ ನೋಡಿ, ದೂರದ ತುದಿ ನೋಡಿ. ಎರಡೂ ಒಟ್ಟಿಗೆ ಸರಿಯಾಗದಿದ್ದರೆ ಆಗ ಕೋನವನ್ನು ಕೂದಲೆಳೆಯಷ್ಟು ಬದಲಿಸಿ.

ಸುಮ್ನೆ ಬಂದೋನು
ಇದೇ ಅಲ್ವಾ ಶೈಂಪ್‌ಫ್ಲುಗ್ ಕಂಡುಹಿಡಿದಿದ್ದು? 1904ರ ಪೇಟೆಂಟ್.

ಹಳೇಲೆನ್ಸ್ ಹುಚ್ಚ
ಅದಕ್ಕೂ ಮೊದಲು 1901ರಲ್ಲೇ ಜೂಲ್ ಕಾರ್ಪೆಂತಿಯೆ ಎನ್ನುವ ಫ್ರೆಂಚ್ ಎಂಜಿನಿಯರ್ ಎನ್ಲಾರ್ಜರ್‌ಗೆ (ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಮಾಡುವ ಯಂತ್ರ) ಅಂತ ಪೇಟೆಂಟ್ ಮಾಡಿಸಿದ್ದ. ಆಸ್ಟ್ರಿಯಾ ಸೇನೆಯ ಅಧಿಕಾರಿಯಾಗಿದ್ದ ಶೈಂಪ್‌ಫ್ಲುಗ್, ಆಕಾಶದಿಂದ ತೆಗೆದ ಓರೆ ಚಿತ್ರಗಳನ್ನು ಸರಿ ಮಾಡೋಕೆ ಅದನ್ನು ಬೆಳೆಸಿದ. ಹೆಸರು ಮಾತ್ರ ಅವನಿಗೇ ಉಳಿಯಿತು. ಮಾಸ್ತರು ಹೇಳಿದ ಬಾಗಿಲಿನ ಲೆಕ್ಕ ಅವನದ್ದಲ್ಲ, ಅದನ್ನು ಎಲ್ಲರಿಗೂ ಅರ್ಥವಾಗುವಂತೆ ಬಿಡಿಸಿ ಹೇಳಿದ್ದು ಹೆರಾಲ್ಡ್ ಮರ್ಕ್ಲಿಂಗರ್.

ಕ್ಲಿಕ್ ಕಾವೇರಿ
ಒಂದು ವಿಷಯ ಯಾರೂ ಹೇಳಲಿಲ್ಲ. ವ್ಯೂ ಕ್ಯಾಮೆರಾಗೂ ಅಡಾಪ್ಟರ್‌ಗೂ ಟಿಲ್ಟಿನಲ್ಲಿ ವ್ಯತ್ಯಾಸ ಇದೆ. ಅಡಾಪ್ಟರ್‌ನಲ್ಲಿ ಕೀಲು ಇರುವುದು ಲೆನ್ಸಿನ ಹಿಂದೆ. ಬಾಗಿಸಿದ ಕೂಡಲೇ ಲೆನ್ಸ್ ಇಡಿಯಾಗಿ ಒಂದು ಕಡೆ ಸರಿಯುತ್ತದೆ. ಫ್ರೇಮ್ ಕದಲುತ್ತದೆ, ಫೋಕಸ್ಸೂ ಬದಲಾಗುತ್ತದೆ. ಆಮೇಲೆ ಶಿಫ್ಟ್ ಬಳಸಿ ಫ್ರೇಮ್ ವಾಪಸ್ ತರಬೇಕು. ಉದ್ದದ ಲೆನ್ಸಿನಲ್ಲಿ ಇದು ಎದ್ದು ಕಾಣುತ್ತದೆ. ಅದಕ್ಕೇ ಬರೀ ಟಿಲ್ಟ್ ಇರುವ ಅಡಾಪ್ಟರ್‌ಗಿಂತ ಎರಡೂ ಇರುವುದೇ ವಾಸಿ. ಮೇಜಿನ ಕೆಲಸಕ್ಕೂ ಅಷ್ಟೇ.

ಇನ್ನೊಂದು, ಟಿಲ್ಟ್ ಮಾಡಿದಾಗ ಇಮೇಜ್ ಸರ್ಕಲ್ ಕೂಡ ಸೆನ್ಸರ್ ಮೇಲೆ ಪಕ್ಕಕ್ಕೆ ಜಾರುತ್ತದೆ. 8 ಡಿಗ್ರಿ ಟಿಲ್ಟಿನ ಜೊತೆ ಪೂರ್ತಿ ಶಿಫ್ಟ್ ಕೂಡ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಇನ್ಫಿನಿಟಿ ಈರ
ಅಡಾಪ್ಟರ್ ಕೈಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸ ಹೇಳ್ತೀನಿ. ಸೊನ್ನೆ ನಿಜವಾಗಿ ಸೊನ್ನೆಯಾ ಅಂತ ನೋಡಿ.

ನನಗೆ ಬಂದ ಒಂದು ಅಡಾಪ್ಟರ್‌ನಲ್ಲಿ, ಯಾವ ಕಂಪನಿ ಅಂತ ಬೇಡ, ಟಿಲ್ಟ್ ಸೊನ್ನೆಗೆ ಟಕ್ ಅಂತ ಕೂರುತ್ತಿತ್ತು. ನೋಡೋಕೆ ಎಲ್ಲಾ ಸರಿ. ಆದರೆ ಎಫ್/4ರಲ್ಲಿ ಚಿತ್ರದ ಎಡಗಡೆ ಯಾವಾಗಲೂ ಮೃದು. ಲೆನ್ಸ್ ಕೆಟ್ಟಿದೆ ಅಂತ ಯಾರಾದರೂ ಅಂದುಕೊಳ್ಳಬೇಕು. ಅಡಾಪ್ಟರ್‌ನ ಎರಡು ಮುಖ ಸಮಾನಾಂತರವಾಗಿಯೇ ಇರಲಿಲ್ಲ. ಮೇಲೆ ಹೇಳಿದ 2 ಡಿಗ್ರಿ ಲೆಕ್ಕ ನೋಡಿ. ಅರ್ಧ ಡಿಗ್ರಿ ತಪ್ಪಿದರೂ ಎಷ್ಟು ಅನಾಹುತ ಅಂತ ಗೊತ್ತಾಗುತ್ತದೆ.

ಪರೀಕ್ಷೆ ಸುಲಭ. ಗೋಡೆಗೆ ಕನ್ನಡಿಯೊಂದನ್ನು ಚಪ್ಪಟೆಯಾಗಿ ಅಂಟಿಸಿ. ಕ್ಯಾಮೆರಾದ ಲೆನ್ಸ್ ಕನ್ನಡಿಯಲ್ಲಿ ಫ್ರೇಮಿನ ನಟ್ಟ ನಡುವೆ ಕಾಣುವ ಹಾಗೆ ಟ್ರೈಪಾಡ್ ಇಡಿ. ಇದನ್ನು ಸಾದಾ ಲೆನ್ಸಿನಲ್ಲಿ ಮಾಡಿ, ಆಗ ಸೆನ್ಸರ್ ಗೋಡೆಗೆ ಸಮಾನಾಂತರ ಅಂತಾಯಿತು. ಈಗ ಅಡಾಪ್ಟರ್ ಹಾಕಿ. ಕನ್ನಡಿ ತೆಗೆದು ಗೋಡೆಯ ನಾಲ್ಕು ಮೂಲೆಗೂ ಅಚ್ಚಾದ ಹಾಳೆ ಅಂಟಿಸಿ, ಅಪರ್ಚರ್ ಪೂರ್ತಿ ತೆರೆದು ಹೊಡೆಯಿರಿ. ಒಂದು ಮೂಲೆ ಮಾತ್ರ ಹೋಗಿದ್ದರೆ ಲೆನ್ಸನ್ನು ಇನ್ನೊಂದು ಅಡಾಪ್ಟರ್‌ನಲ್ಲಿ ನೋಡಿ. ತಪ್ಪು ಯಾರದು ಅಂತ ತಿಳಿಯುತ್ತದೆ.

ಟ್ರೈಪಾಡ್ ಪುಟ್ಟ
ಇದಕ್ಕೆ ನೂರು ಲೈಕು. ಜೊತೆಗೆ ಭಾರ. 6×7 ಲೆನ್ಸ್ ಹಾಕಿ ಮೇಲಕ್ಕೆ ಶಿಫ್ಟ್ ಮಾಡಿ, ತಿರುಪು ಬಿಗಿಯದೆ ಬಿಟ್ಟರೆ ನಿಧಾನಕ್ಕೆ ಇಳಿಯುತ್ತಾ ಬರುತ್ತದೆ. ಹತ್ತು ಸೆಕೆಂಡಿನ ಎಕ್ಸ್‌ಪೋಷರ್ ಆದರೆ ಗೋವಿಂದ.

ಇನ್ಫಿನಿಟಿ ಈರ
ಅದಕ್ಕೇ ಅಡಾಪ್ಟರ್‌ಗೇ ಟ್ರೈಪಾಡ್ ಪಾದ ಇರುವುದನ್ನು ನೋಡಿ ತಗೊಳ್ಳಿ. ಮೌಂಟಿನ ಮೇಲೆ ಭಾರ ಬೀಳಲ್ಲ. ಪಾದ ಲೆನ್ಸ್ ಕಡೆಯ ಅರ್ಧಕ್ಕೆ ಇದ್ದರೆ ಇನ್ನೂ ಒಳ್ಳೆಯದು. ಆಗ ಲೆನ್ಸ್ ನಿಂತಲ್ಲೇ ನಿಲ್ಲುತ್ತದೆ, ಸರಿಯುವುದು ಕ್ಯಾಮೆರಾ. ಎಡಕ್ಕೆ ಒಂದು, ನಡುವೆ ಒಂದು, ಬಲಕ್ಕೆ ಒಂದು ಹೊಡೆದು ಅಂಟಿಸಿದರೆ ಜೋಡಣೆ ಗೊತ್ತೇ ಆಗಲ್ಲ. ಲೆನ್ಸ್ ಸರಿದರೆ ಹತ್ತಿರದ ಕಂಬಕ್ಕೂ ಹಿಂದಿನ ಗೋಡೆಗೂ ಇರುವ ಸಂಬಂಧ ಬದಲಾಗುತ್ತದೆ, ಅಂಟಿಸುವಾಗ ಕಂಬ ಎರಡೆರಡು ಕಾಣುತ್ತದೆ.

ಕಪ್ಪುಬಿಳುಪು
ಪಾದ ಇಲ್ಲದಿದ್ದರೆ?

ಇನ್ಫಿನಿಟಿ ಈರ
ಕ್ಯಾಮೆರಾ ಕೆಳಗೆ ಸ್ಲೈಡ್ ರೈಲ್ ಹಾಕಿ. ಲೆನ್ಸ್ 10 ಎಂಎಂ ಬಲಕ್ಕೆ ಹೋದರೆ ಕ್ಯಾಮೆರಾ 10 ಎಂಎಂ ಎಡಕ್ಕೆ. ಫಲ ಒಂದೇ.

ಹಳೇಲೆನ್ಸ್ ಹುಚ್ಚ
ಫಿಲ್ಮ್ ಕಾಲದಲ್ಲಿ ಇದೆಲ್ಲಾ ಕ್ಯಾಮೆರಾದೊಳಗೇ ಇತ್ತು. 1966ರ ರೋಲಿ ಎಸ್‌ಎಲ್66ರಲ್ಲಿ ಮುಂಭಾಗ ಮೇಲಕ್ಕೂ ಕೆಳಕ್ಕೂ 8 ಡಿಗ್ರಿ ಬಾಗುತ್ತಿತ್ತು. ಫ್ಯೂಜಿ ಜಿಎಕ್ಸ್680ರಲ್ಲಿ ಟಿಲ್ಟ್, ಶಿಫ್ಟ್, ಸ್ವಿಂಗ್ (ಎಡಕ್ಕೆ ಬಲಕ್ಕೆ ಬಾಗುವುದು) ಎಲ್ಲಾ. ಮಾಮಿಯಾ ಆರ್‌ಜೆಡ್67ಗೂ ಟಿಲ್ಟ್-ಶಿಫ್ಟ್ ಅಡಾಪ್ಟರ್ ಇತ್ತು. ಆದರೆ ದೂರದ ಫೋಕಸ್ ಬೇಕಿದ್ದರೆ ಅದಕ್ಕಂತಲೇ ಮಾಡಿದ, ಕತ್ತು ಗಿಡ್ಡ ಇರುವ 75 ಮತ್ತು 180 ಎಂಎಂ ಲೆನ್ಸುಗಳೇ ಬೇಕು. ಬೇರೆ ಲೆನ್ಸ್ ಹಾಕಿದರೆ ಹತ್ತಿರದ್ದು ಮಾತ್ರ. ಮಾಸ್ತರು ಹೇಳಿದ ಜಾಗದ ತಂಟೆಯೇ ಅಲ್ಲೂ.

ಸುಮ್ನೆ ಬಂದೋನು
ಜಿಎಕ್ಸ್680 ಎತ್ತಿಕೊಂಡು ಓಡಾಡಿದವರು ಇನ್ನೂ ಬದುಕಿದ್ದಾರಾ?

ಹಳೇಲೆನ್ಸ್ ಹುಚ್ಚ
ಬದುಕಿದ್ದೀನಿ, ಸೊಂಟ ಇಲ್ಲ.

ಬೆಲ್ಲೋಸ್ ಭಕ್ತ
ಮೇಜಿನ ಕೆಲಸಕ್ಕೆ ಎನ್ಲಾರ್ಜರ್ ಲೆನ್ಸ್ ಮರೆಯಬೇಡಿ. 105, 135, 150 ಎಂಎಂನವು ಹತ್ತಿರದ ದೂರಕ್ಕೇ ಮಾಡಿದವು, ಇಮೇಜ್ ಸರ್ಕಲ್ಲೂ ಧಾರಾಳ. ಲೆನ್ಸಿನಲ್ಲಿ ಫೋಕಸ್ ರಿಂಗ್ ಇರಲ್ಲ, ಅದಕ್ಕೆ ಹೆಲಿಕಾಯ್ಡ್ (ತಿರುಗಿಸಿದರೆ ಲೆನ್ಸ್ ಹಿಂದೆ ಮುಂದೆ ಹೋಗುವ ತಿರುಪಿನ ಕೊಳವೆ) ಬೇಕು. ಜರ್ಮನಿಯ ಜೋರ್ಕ್‌ನವರು ಇಂಥದ್ದನ್ನೇ ಮಾಡುತ್ತಿದ್ದರು, ಎನ್ಲಾರ್ಜರ್ ಲೆನ್ಸಿಗೆ ಟಿಲ್ಟೂ ಹೆಲಿಕಾಯ್ಡೂ ಒಟ್ಟಿಗೆ.

ಕ್ಲಿಕ್ ಕಾವೇರಿ
ಅಡಾಪ್ಟರ್ ಒಳಗೋಡೆ ಬಗ್ಗೆಯೂ ಒಂದು ಮಾತು. 6×7 ಲೆನ್ಸ್ ಸೆನ್ಸರ್‌ಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಬೆಳಕು ಒಳಗೆ ತರುತ್ತದೆ. ಉಳಿದಿದ್ದು ಅಡಾಪ್ಟರ್ ಗೋಡೆಗೆ ಬಡಿದು ಸೆನ್ಸರ್ ಮೇಲೆ ಚೆಲ್ಲುತ್ತದೆ. ಬಿಳಿ ಹಿನ್ನೆಲೆ ಇಟ್ಟು ಹೊಡೆದರೆ ಕಪ್ಪು ಬೂದಿಯಾಗಿ ಬರುತ್ತದೆ. ಅಡಾಪ್ಟರ್ ತೆಗೆದು ಕಿಟಕಿ ಕಡೆ ಹಿಡಿದು ಒಳಗೆ ನೋಡಿ. ಕಪ್ಪು ಬಣ್ಣ ಇದ್ದರೂ ಓರೆಯಿಂದ ಪಳಪಳ ಹೊಳೆಯುತ್ತಿದ್ದರೆ ಮಖಮಲ್ಲಿನ ಥರ ನವಿರು ಕೂದಲಿರುವ ಕಪ್ಪು ಹಾಳೆ ಸಿಗುತ್ತದೆ, ಕತ್ತರಿಸಿ ಅಂಟಿಸಿ. ಸರಿಯುವ ಭಾಗಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ಕೂದಲು ಉದುರಿ ಸೆನ್ಸರ್ ಮೇಲೆ ಕೂರುತ್ತದೆ.

ಎಕ್ಸ್1 ಏಕಾಂಗಿ
ನನ್ನದು ಹ್ಯಾಸೆಲ್‌ಬ್ಲಾಡ್ ಎಕ್ಸ್1ಡಿ. ಇದೇ ಅಡಾಪ್ಟರ್ ಕಥೆ ಇದಕ್ಕೂ ನಡೆಯುತ್ತಾ?

ಮಿಲಿಮೀಟರ್ ಮಾಸ್ತರ್
ಜಾಗದ ಲೆಕ್ಕದಲ್ಲಿ ನಿಮ್ಮದೇ ಮೇಲು, ಮೌಂಟಿನ ದೂರ ಇನ್ನೂ ಕಮ್ಮಿ. ತೊಂದರೆ ಶಟರ್‌ದು. ನಿಮ್ಮ ಕ್ಯಾಮೆರಾದಲ್ಲಿ ಶಟರ್ ಇರುವುದು ಲೆನ್ಸಿನೊಳಗೆ, ಬಾಡಿಯಲ್ಲಿ ಇಲ್ಲ. ಹಳೇ ಲೆನ್ಸ್ ಹಾಕಿದರೆ ಎಲೆಕ್ಟ್ರಾನಿಕ್ ಶಟರ್ ಒಂದೇ ದಾರಿ. ಅದು ಸೆನ್ಸರ್ ಓದುವುದು ನಿಧಾನ. ಅಲ್ಲಾಡುವ ವಸ್ತು ಸೊಟ್ಟಗಾಗುತ್ತದೆ, ಕೆಲವು ಎಲ್‌ಇಡಿ ದೀಪದಡಿ ಪಟ್ಟೆ ಬರುತ್ತದೆ, ಫ್ಲಾಶ್ ನಡೆಯಲ್ಲ. ನಿಂತ ಕಟ್ಟಡಕ್ಕೆ, ಹಗಲು ಬೆಳಕಿಗೆ ಪರವಾಗಿಲ್ಲ. ಜಿಎಫ್‌ಎಕ್ಸ್‌ನಲ್ಲಿ ಬಾಡಿಯಲ್ಲೇ ಶಟರ್ ಇದೆ, ಸ್ಟುಡಿಯೋ ಫ್ಲಾಶ್ 1/125ರವರೆಗೆ ಸಲೀಸು.

ಎಕ್ಸ್1 ಏಕಾಂಗಿ
ಥ್ಯಾಂಕ್ಸ್. ಫ್ಲಾಶ್ ಇಲ್ಲ ಅಂದ ಮೇಲೆ ನನಗೆ ಮುಗೀತು ಬಿಡಿ.

ಸುಮ್ನೆ ಬಂದೋನು
ಫ್ಯೂಜಿಯವರದ್ದೇ ಟಿಲ್ಟ್-ಶಿಫ್ಟ್ ಲೆನ್ಸ್ ಬಂತಲ್ಲ, ಅಡಾಪ್ಟರ್ ಯಾಕೆ ಇನ್ನು?

ಟ್ರೈಪಾಡ್ ಪುಟ್ಟ
ಬಂತು, 2023ರಲ್ಲಿ. 30 ಎಂಎಂ ಮತ್ತು 110 ಎಂಎಂ ಮ್ಯಾಕ್ರೋ, ಎರಡೂ ಎಫ್/5.6. ಶಿಫ್ಟ್ 15 ಎಂಎಂ, ಟಿಲ್ಟ್ 30ರಲ್ಲಿ 8.5 ಡಿಗ್ರಿ, 110ರಲ್ಲಿ 10. ನಿಜ ಹೇಳಬೇಕಂದ್ರೆ ಆ 110 ಈ ಮೇಡಂ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಜೆಟ್ ಇದ್ದರೆ ಅಡಾಪ್ಟರ್ ಮಾತೇ ಬೇಡ. ಇಲ್ಲದವರಿಗೆ ತಾನೇ ಈ ಚರ್ಚೆ.

ನೆರಳುಬೆಳಕು
ಬಜೆಟ್ ಇಲ್ಲ ಅಂತ ಹೇಳೋದು ಮರೆತಿದ್ದೆ ನೋಡಿ 😅

ಸದ್ಯಕ್ಕೆ ಮಾಮಿಯಾ 645ರ 120 ಮ್ಯಾಕ್ರೋ ನೋಡುತ್ತಿದ್ದೇನೆ, ಟಿಲ್ಟ್ ಶಿಫ್ಟ್ ಎರಡೂ ಇರುವ, ಪಾದ ಇರುವ ಅಡಾಪ್ಟರ್ ಜೊತೆ. ಕಟ್ಟಡಕ್ಕೆ ಟಿಎಸ್-ಇ 24 ಆಮೇಲೆ. ಅದರಲ್ಲಿ ಅಪರ್ಚರ್ ರಿಂಗ್ ಇಲ್ಲವಲ್ಲ, ಸಾದಾ ಅಡಾಪ್ಟರ್ ಸಾಕಾಗುತ್ತಾ?

ಟ್ರೈಪಾಡ್ ಪುಟ್ಟ
ಸಾಲಲ್ಲ. ಎಲೆಕ್ಟ್ರಾನಿಕ್ ಸಂಪರ್ಕ ಇರುವ ಅಡಾಪ್ಟರ್ ಬೇಕು, ಇಲ್ಲದಿದ್ದರೆ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ಕ್ಯಾನನ್ ಬಾಡಿ ಇದ್ದರೆ ಎಫ್/8ಕ್ಕೆ ಇಟ್ಟು, ಡೆಪ್ತ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದೇ ಲೆನ್ಸ್ ಬಿಚ್ಚಿದರೆ ಅಲ್ಲೇ ನಿಲ್ಲುತ್ತದೆ. ದಿನಾ ಮಾಡುವ ಕೆಲಸ ಅಲ್ಲ ಅದು.

ಮಿಲಿಮೀಟರ್ ಮಾಸ್ತರ್
120 ಒಳ್ಳೆಯ ಆಯ್ಕೆ. ಅಪರ್ಚರ್ ಎಫ್/11ರ ಆಸುಪಾಸಿನಲ್ಲೇ ಇರಲಿ. ಟಿಲ್ಟ್ ಸರಿಯಾಗಿ ಕೊಟ್ಟರೆ ಎಫ್/22ಕ್ಕೆ ಹೋಗುವ ಅಗತ್ಯ ಬರಲ್ಲ, ಹೋದರೆ ಡಿಫ್ರ್ಯಾಕ್ಷನ್‌ಗೆ (ಕಿರಿದಾದ ತೂತಿನಲ್ಲಿ ಬೆಳಕು ಚದುರುವುದು) ಇಡೀ ಚಿತ್ರ ಮೆತ್ತಗಾಗುತ್ತದೆ. ಆದರೆ ಟಿಲ್ಟಿನಿಂದ ಎಲ್ಲಾ ಶಾರ್ಪ್ ಆಗುತ್ತೆ ಅಂದುಕೊಳ್ಳಬೇಡಿ. ಮಲಗಿದ ಪಟ್ಟಿ ಶಾರ್ಪ್ ಬರುತ್ತದೆ. ಅದರ ಪಕ್ಕ ಎತ್ತರದ ಡಬ್ಬಿ ನಿಲ್ಲಿಸಿದರೆ ಡಬ್ಬಿಯ ತಲೆ ಮಬ್ಬು.

ನೆರಳುಬೆಳಕು
ಡಬ್ಬಿ ಇದ್ದೇ ಇರುತ್ತೆ ಸರ್, ಗಿರಾಕಿಗೆ ಡಬ್ಬಿಯ ಮೇಲಿನ ಹೆಸರೇ ಮುಖ್ಯ. ಆಗ?

ಕ್ಲಿಕ್ ಕಾವೇರಿ
ಟಿಲ್ಟ್ ಕಮ್ಮಿ ಮಾಡಿ, ಪಟ್ಟಿಯ ಮುಂದಿನ ತುದಿಯಿಂದ ಡಬ್ಬಿ ಮೇಲಿನ ಹೆಸರಿಗೆ ಓರೆಯಾಗಿ ಒಂದು ತಲ ಎಳೆಯಿರಿ. ಉಳಿದಿದ್ದನ್ನು ಎಫ್/11 ನೋಡಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಎರಡು ಫ್ರೇಮ್ ಹೊಡೆದು ಸ್ಟ್ಯಾಕ್ ಮಾಡಿ.

ಕಪ್ಪುಬಿಳುಪು
ಅಂತೂ ಸಾಫ್ಟ್‌ವೇರಿಗೇ ಬಂದ್ರಲ್ಲ!

ಇನ್ಫಿನಿಟಿ ಈರ
ಮೇಡಂ, ಲೆನ್ಸ್ ಬಂದ ಮೇಲೆ ಮೆನುವಿನಲ್ಲಿ ಲೆನ್ಸ್ ಇಲ್ಲದೆ ಶೂಟ್ ಮಾಡುವ ಆಯ್ಕೆ ಆನ್ ಮಾಡಿ, ಇಲ್ಲದಿದ್ದರೆ ಶಟರ್ ಒತ್ತಿದರೂ ಕ್ಲಿಕ್ ಆಗಲ್ಲ. ಟ್ರೈಪಾಡ್ ಮೇಲೆ ಬಾಡಿಯ ಸ್ಟೆಬಿಲೈಸೇಷನ್ ಆಫ್. ಕನ್ನಡಿ ಪರೀಕ್ಷೆಯ ಫೋಟೋ ಇಲ್ಲೇ ಹಾಕಿ, ನಾಲ್ಕೂ ಮೂಲೆಯ ಕ್ರಾಪ್ ಸಮೇತ.